ಕಟಪಾಡಿಯ ಜಗಲಿಯಿಂದ ಕ್ರಿಸ್ಮಸ್ ಕಾರ್ಡ್: ಕುಟುಂಬದ ಫೋಟೋಗೆ ಕೆಲವು ಯೋಚನೆಗಳು

ಆಗಮನ ಕಾಲದ ಮೊದಲ ಭಾನುವಾರ ಪ್ರತಿ ವರ್ಷ ನವೆಂಬರ್ 27 ಮತ್ತು ಡಿಸೆಂಬರ್ 3ರ ನಡುವೆ ಬರುತ್ತದೆ. ಅಲ್ಲಿಂದ ಹಬ್ಬಕ್ಕೆ ಉಳಿಯುವುದು ಮೂರು, ಹೆಚ್ಚೆಂದರೆ ನಾಲ್ಕು ವಾರ. ಕಟಪಾಡಿ ಪೇಟೆಯಿಂದ ಮಟ್ಟು, ಶಂಕರಪುರ, ಉದ್ಯಾವರದ ಕಡೆಗೆ ಹೋಗುವ ದಾರಿಗಳಲ್ಲಿ ಮನೆಗಳ ಮುಂದೆ ನಕ್ಷತ್ರಗಳು ಏರತೊಡಗುತ್ತವೆ, ಅಡುಗೆಮನೆಗಳಲ್ಲಿ ಕುಸ್ವಾರಿನ ಎಣ್ಣೆ ಕಾಯುತ್ತದೆ, ಮಕ್ಕಳು ಗೋದಲಿಗೆ ಹುಲ್ಲು ಹುಡುಕುತ್ತಾರೆ. ಕಾರ್ಡಿನ ನೆನಪು ಬರುವುದು ಮಾತ್ರ ಕೊನೆಗೆ. 24ರ ರಾತ್ರಿ ಪೂಜೆ ಮುಗಿಸಿ ಮೊಬೈಲ್ ತೆರೆದರೆ ಐವತ್ತು ಶುಭಾಶಯಗಳು ಬಂದಿರುತ್ತವೆ. ಹಿಮ, ದೇವದಾರು ಮರ, ಜಿಂಕೆ ಎಳೆಯುವ ಬಂಡಿ. ಐವತ್ತರಲ್ಲಿ ಪರಿಚಯದ ಮುಖ ಒಂದೂ ಇರುವುದಿಲ್ಲ.

ಆ ಐವತ್ತರ ನಡುವೆ ನಿಮ್ಮ ಮನೆಯವರ ಮುಖವಿರುವ ಒಂದು ಕಾರ್ಡ್ ಹೋದರೆ ಅದನ್ನು ತೆಗೆದುಕೊಂಡವರು ಅಳಿಸುವುದಿಲ್ಲ. ಕಾಗದದ ಮೇಲೆ ಅಚ್ಚಾಗಿ ಹೋದರಂತೂ ಗೋದಲಿಯ ಪಕ್ಕದಲ್ಲೋ ಶೋಕೇಸಿನ ಗಾಜಿನ ಹಿಂದೆಯೋ ವರ್ಷವಿಡೀ ನಿಲ್ಲುತ್ತದೆ. ಇಂಥ ಕಾರ್ಡನ್ನು ನಮ್ಮ ಊರಿನಲ್ಲಿ, ನಮ್ಮ ಮನೆಯಲ್ಲಿ ಹೇಗೆ ಮಾಡಬಹುದು ಎಂಬ ಬಗ್ಗೆ ಕೆಲವು ಯೋಚನೆಗಳನ್ನು ಇಲ್ಲಿ ಕೊಡುತ್ತಿದ್ದೇವೆ. ವಾಳೆಯ ಗುರ್ಕಾರರಿಗೂ ಯುವ ಸಂಘಟನೆಯವರಿಗೂ ಉಪಯೋಗವಾಗುವ ಒಂದೆರಡು ಮಾತುಗಳು ಕೊನೆಯಲ್ಲಿವೆ.

ಮೊದಲ ಕಾರ್ಡಿನಲ್ಲಿ ಏನಿತ್ತು?

ಮಾರಾಟಕ್ಕಾಗಿ ಅಚ್ಚಾದ ಮೊದಲ ಕ್ರಿಸ್ಮಸ್ ಕಾರ್ಡ್ 1843ರಲ್ಲಿ ಲಂಡನ್ನಿನಲ್ಲಿ ಬಂತು. ಹೆನ್ರಿ ಕೋಲ್ ಎಂಬ ಸರಕಾರಿ ಅಧಿಕಾರಿಗೆ ಹಬ್ಬದ ಸಮಯದಲ್ಲಿ ಬರುವ ಪತ್ರಗಳಿಗೆಲ್ಲ ಉತ್ತರ ಬರೆಯಲು ಪುರುಸೊತ್ತು ಇರಲಿಲ್ಲ. 1840ರಲ್ಲಿ ಒಂದು ಪೆನ್ನಿಯ ಅಂಚೆ ಬಂದ ಮೇಲೆ ಪತ್ರಗಳ ರಾಶಿಯೇ ಬೀಳುತ್ತಿತ್ತು. ಆತ ಜಾನ್ ಕ್ಯಾಲ್ಕಾಟ್ ಹಾರ್ಸ್ಲಿ ಎಂಬ ಚಿತ್ರಕಾರನಿಂದ ಒಂದು ಚಿತ್ರ ಬರೆಸಿ, ಕಲ್ಲಚ್ಚಿನಲ್ಲಿ ಸುಮಾರು 1000 ಪ್ರತಿ ಅಚ್ಚು ಹಾಕಿಸಿ, ಕೈಯಿಂದ ಬಣ್ಣ ತುಂಬಿಸಿದ. ಬೆಲೆ ಒಂದು ಶಿಲ್ಲಿಂಗ್, ಅಂದಿನ ಬಡವರಿಗೆ ಎಟುಕುವಂಥದ್ದಲ್ಲ. ಅದೇ 1843ರ ಜುಲೈಯಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಲ್ಲಿ ಹರ್ಮನ್ ಮೋಗ್ಲಿಂಗ್ ಅವರ ‘ಮಂಗಳೂರ ಸಮಾಚಾರ’ ಕಲ್ಲಚ್ಚಿನಲ್ಲೇ ಹೊರಬಂದಿತ್ತು. ಕನ್ನಡದ ಮೊದಲ ಪತ್ರಿಕೆಗೂ ಮೊದಲ ಕ್ರಿಸ್ಮಸ್ ಕಾರ್ಡಿಗೂ ಒಂದೇ ವಯಸ್ಸು, ಅಚ್ಚಿನ ವಿಧಾನವೂ ಒಂದೇ.

ಆ ಕಾರ್ಡಿನಲ್ಲಿ ಹಿಮವೂ ಇರಲಿಲ್ಲ, ಜಿಂಕೆಯೂ ಇರಲಿಲ್ಲ. ನಡುವಿನಲ್ಲಿ ಮೂರು ತಲೆಮಾರಿನ ಒಂದು ಕುಟುಂಬ ಊಟದ ಮೇಜಿನ ಸುತ್ತ ಸೇರಿದೆ. ಮಗುವಿಗೂ ಒಂದು ಗುಟುಕು ದ್ರಾಕ್ಷಾರಸ ಕುಡಿಸುವುದು ಚಿತ್ರದಲ್ಲಿ ಕಾಣುತ್ತದೆಂದು ಪಾನವಿರೋಧಿಗಳು ಆಗ ಸಿಟ್ಟಾಗಿದ್ದರು. ಎಡಬಲದಲ್ಲಿ ಎರಡು ಸಣ್ಣ ಚಿತ್ರಗಳು: ಒಂದರಲ್ಲಿ ಹಸಿದವರಿಗೆ ಊಟ ಕೊಡುತ್ತಿದ್ದಾರೆ, ಇನ್ನೊಂದರಲ್ಲಿ ಬಟ್ಟೆ ಇಲ್ಲದವರಿಗೆ ಬಟ್ಟೆ ಹೊದಿಸುತ್ತಿದ್ದಾರೆ. ಕಟಪಾಡಿ ಚರ್ಚಿನ ಪಾಲಕ ಸಂತ ವಿನ್ಸೆಂಟ್ ದ ಪಾವ್ಲರು (1581-1660) ಜೀವಮಾನವಿಡೀ ಮಾಡಿದ್ದು ಇದೇ ಎರಡು ಕೆಲಸ. 1885ರಲ್ಲಿ ಪೋಪ್ 13ನೇ ಲಿಯೊ ಅವರನ್ನು ಪರೋಪಕಾರಿ ಸಂಘಗಳ ಪಾಲಕರೆಂದು ಘೋಷಿಸಿದರು. ಆ ಸಂತರ ಹೆಸರಿನ ಚರ್ಚಿಗೆ ಸೇರಿದ ಕುಟುಂಬಕ್ಕೆ ಕಾರ್ಡಿನ ಮಾದರಿ ಬೇಕಿದ್ದರೆ 1843ರ ಈ ಮೂರು ಚೌಕಟ್ಟುಗಳೇ ಸಾಕು ಎಂದು ನಮಗೆ ಅನಿಸುತ್ತದೆ. ಬಡವರ ಫೋಟೋ ತೆಗೆದು ಬದಿಯಲ್ಲಿ ಹಾಕಿ ಎಂದು ಹೇಳುತ್ತಿಲ್ಲ; ಹಾಗೆ ಖಂಡಿತ ಮಾಡಬಾರದು. ಬದಿಯ ಚೌಕಟ್ಟುಗಳನ್ನು ಬೇರೆ ಕೆಲಸಕ್ಕೆ ಬಳಸಬಹುದು.

ಮನೆಯವರೆಲ್ಲ ಮನೆಯಲ್ಲಿಲ್ಲದಾಗ

ಕಟಪಾಡಿ ಸುತ್ತಿನಲ್ಲಿ ಕುಟುಂಬದ ಫೋಟೋ ಎಂದ ಕೂಡಲೇ ಬರುವ ದೊಡ್ಡ ತೊಡಕು ಇದು: ಫೋಟೋಗೆ ನಿಲ್ಲಬೇಕಾದವರು ಊರಿನಲ್ಲಿಲ್ಲ. ಒಬ್ಬ ಮಗ ಕುವೈತಿನಲ್ಲಿ, ಮಗಳು ಮುಂಬಯಿಯಲ್ಲಿ, ಇನ್ನೊಬ್ಬಳು ಇಸ್ರೇಲಿನಲ್ಲಿ ವೃದ್ಧರ ಆರೈಕೆಯ ಕೆಲಸದಲ್ಲಿ. ಮನೆಯಲ್ಲಿ ಅಜ್ಜ, ಅಜ್ಜಿ, ಒಂದು ನಾಯಿ. “ಎಲ್ಲರೂ ಸೇರಿದಾಗ ತೆಗೆಯುವ” ಎಂದು ವರ್ಷ ವರ್ಷ ಮುಂದೆ ಹಾಕುತ್ತಾ ಹೋದರೆ ಎಲ್ಲರೂ ಸೇರುವುದು ಕೊನೆಗೆ ಯಾರದೋ ಮರಣದ ಪೂಜೆಗೆ. ಆದ್ದರಿಂದ ಇದ್ದವರದ್ದೇ ಫೋಟೋ ತೆಗೆಯಿರಿ, ಇಲ್ಲದವರಿಗೂ ಕಾರ್ಡಿನಲ್ಲಿ ಜಾಗ ಕೊಡಿ.

ಸುಲಭದ ದಾರಿ ಮೂರು ಚೌಕಟ್ಟಿನದು. ನಡುವೆ ಊರಿನ ಮನೆಯ ಜಗಲಿಯಲ್ಲಿ ಕೂತ ಅಜ್ಜ ಅಜ್ಜಿ. ಎಡಕ್ಕೆ ಕುವೈತಿನ ಮಗನ ಸಂಸಾರ, ಬಲಕ್ಕೆ ಮುಂಬಯಿಯ ಮಗಳ ಸಂಸಾರ. ಇದು ಕಣ್ಣಿಗೆ ಹಿತವಾಗಿ ಬರಬೇಕಾದರೆ ಮೂರೂ ಕಡೆ ಒಂದೇ ರೀತಿಯಲ್ಲಿ ತೆಗೆಯಬೇಕು. ಎಲ್ಲರೂ ಕೂತೇ ತೆಗೆಯಿರಿ ಅಥವಾ ಎಲ್ಲರೂ ನಿಂತೇ ತೆಗೆಯಿರಿ, ಬೆಳಕು ಒಂದೇ ಬದಿಯಿಂದ ಬರಲಿ, ಮೊಬೈಲನ್ನು ಎದೆಯ ಎತ್ತರದಲ್ಲಿ ಹಿಡಿಯಿರಿ. ಮೂರೂ ಫೋಟೋಗಳಲ್ಲಿ ಒಂದೇ ವಸ್ತು ಇದ್ದರೆ ಇನ್ನೂ ಚಂದ: ಒಂದೇ ಬಗೆಯ ಕಾಗದದ ನಕ್ಷತ್ರ, ಅಥವಾ ಮೇಣದಬತ್ತಿ. ಊರಿನಿಂದ ಪಾರ್ಸೆಲ್ಲಿನಲ್ಲಿ ಹೋದ ಕುಸ್ವಾರ್ ಡಬ್ಬವಾದರೂ ಆದೀತು.

ಹುಡುಗರು ಇಷ್ಟಪಡುವುದು ವೀಡಿಯೋ ಕರೆಯ ಫೋಟೋವನ್ನು. ಅಜ್ಜಿಯ ಕೈಯಲ್ಲಿ ಮೊಬೈಲ್, ಮೊಬೈಲಿನಲ್ಲಿ ಮಗ. ಯೋಚನೆ ಒಳ್ಳೆಯದೇ, ಆದರೆ ಹತ್ತರಲ್ಲಿ ಎಂಟು ಬಾರಿ ಪರದೆಯ ಮೇಲೆ ಬಿಳಿ ಹೊಳಪು ಮಾತ್ರ ಬರುತ್ತದೆ. ಅಂಗಳದ ಬಿಸಿಲಿನಲ್ಲಿ ಪರದೆ ಕಾಣುವುದಿಲ್ಲ, ಕತ್ತಲ ಕೋಣೆಯಲ್ಲಿ ಪರದೆಯೊಂದೇ ಉರಿಯುತ್ತದೆ. ಜಗಲಿಯ ನೆರಳಿನಲ್ಲಿ, ಸಾಧ್ಯವಿದ್ದರೆ ದೊಡ್ಡ ಟ್ಯಾಬ್ಲೆಟ್ಟಿನಲ್ಲಿ ಪ್ರಯತ್ನಿಸಿ. ಸಮಯ ನೋಡಿ ಕರೆ ಮಾಡಿ. ನಮ್ಮ ಗಡಿಯಾರಕ್ಕಿಂತ ದುಬೈ ಒಂದೂವರೆ ಗಂಟೆ, ಕುವೈತ್ ಎರಡೂವರೆ ಗಂಟೆ, ಚಳಿಗಾಲದಲ್ಲಿ ಇಸ್ರೇಲ್ ಮೂರೂವರೆ ಗಂಟೆ, ಟೊರಾಂಟೊ ಹತ್ತೂವರೆ ಗಂಟೆ ಹಿಂದೆ. ನಮ್ಮ ಬೆಳಗ್ಗಿನ ಒಳ್ಳೆಯ ಬೆಳಕಿಗೆ ಕೆನಡಾದವರು ಎಚ್ಚರವಿರುವುದು ಹಿಂದಿನ ದಿನದ ರಾತ್ರಿಯಲ್ಲಿ.

ಖಾಲಿ ಕುರ್ಚಿಯನ್ನೂ ಬಳಸಬಹುದು. ಮಗ ಯಾವಾಗಲೂ ಕೂರುವ ಜಾಗದಲ್ಲಿ ಅವನ ಕುರ್ಚಿಯನ್ನು ಹಾಗೆಯೇ ಬಿಟ್ಟು ಉಳಿದವರು ಸುತ್ತ ನಿಲ್ಲುವುದು. ಕಾರ್ಡನ್ನು ಕೈಗೆತ್ತಿಕೊಂಡ ನೆಂಟರಿಗೆ ಅದು ಯಾರ ಕುರ್ಚಿಯೆಂದು ವಿವರಿಸಬೇಕಾಗಿಲ್ಲ. ಕುವೈತಿನಲ್ಲಿ ಅದನ್ನು ನೋಡುವವನಿಗಂತೂ ಬೇಕಾಗಿಯೇ ಇಲ್ಲ.

ಮುಂದಾಲೋಚನೆ ಇದ್ದವರಿಗೆ ಇನ್ನೊಂದು ಉಪಾಯ ಉಂಟು. ಡಿಸೆಂಬರಿಗೆ ರಜೆ ಸಿಗದವರು ಕೆಲವರು ಸೆಪ್ಟೆಂಬರ್ 8ರ ಮೊಂತಿ ಹಬ್ಬಕ್ಕೆ ಬರುತ್ತಾರೆ. ತೆನೆ ಹಬ್ಬದ ದಿನ ಎಲ್ಲರೂ ಹೊಸ ಬಟ್ಟೆಯಲ್ಲಿರುತ್ತಾರೆ, ಮಕ್ಕಳ ಕೈಯಲ್ಲಿ ಹೂವಿನ ತಟ್ಟೆ ಇರುತ್ತದೆ, ಮಳೆ ಬಿಟ್ಟ ಅಂಗಳ ಹಸಿರಾಗಿರುತ್ತದೆ. ಆ ದಿನದ ಫೋಟೋವನ್ನು ತೆಗೆದಿಟ್ಟು ಕ್ರಿಸ್ಮಸ್ ಕಾರ್ಡಿಗೆ ಬಳಸಿದರೆ ತಪ್ಪೇನಿಲ್ಲ. ತೆನೆಯನ್ನು ಆಶೀರ್ವದಿಸಿ ಹಂಚಿಕೊಂಡು ಉಂಡ ಮನೆಯ ಚಿತ್ರ ಕ್ರಿಸ್ಮಸ್ಸಿಗೆ ಹೊಂದುವುದಿಲ್ಲ ಎನ್ನುವವರಿಲ್ಲ.

23ರ ರಾತ್ರಿಯ ವಿಮಾನಕ್ಕೋ ರೈಲಿಗೋ ಬರುವವರ ಮನೆಯಲ್ಲಿ ಇದರ ತಿರುಗುಮುರುಗು ಮಾಡಬೇಕು. ಕಾರ್ಡ್ ಹಬ್ಬದ ಮೊದಲೇ ತಲುಪಬೇಕೆಂಬ ಹಠ ಬಿಡಿ. ಕ್ರಿಸ್ಮಸ್ ಒಂದು ದಿನಕ್ಕೆ ಮುಗಿಯುವುದಿಲ್ಲ. 25ರ ನಂತರದ ಭಾನುವಾರ ಪವಿತ್ರ ಕುಟುಂಬದ ಹಬ್ಬ. 1921ರಲ್ಲಿ ಪೋಪ್ 15ನೇ ಬೆನೆಡಿಕ್ಟ್ ಅದನ್ನು ಇಡೀ ಧರ್ಮಸಭೆಗೆ ವಿಸ್ತರಿಸಿದರು. ಮೂರು ರಾಯರ ಹಬ್ಬ ಜನವರಿಯಲ್ಲಿ. 25ರ ಬೆಳಿಗ್ಗೆ ಎಲ್ಲರೂ ಸೇರಿದಾಗ ತೆಗೆದ ಫೋಟೋ ಮೂರು ರಾಯರ ಹಬ್ಬಕ್ಕೆ ತಲುಪಿದರೂ ಅದು ಕ್ರಿಸ್ಮಸ್ ಕಾರ್ಡೇ.

ಈಗ ಮೊಬೈಲಿನಲ್ಲೇ ಕೃತಕ ಬುದ್ಧಿಮತ್ತೆ ಬಂದಿದೆ. ಕುವೈತಿನ ಮಗನನ್ನು ಒಂದು ನಿಮಿಷದಲ್ಲಿ ಕಟಪಾಡಿಯ ಅಂಗಳದಲ್ಲಿ ನಿಲ್ಲಿಸಬಹುದು, ಎಲ್ಲರಿಗೂ ಕೆಂಪು ಸ್ವೆಟರ್ ತೊಡಿಸಿ ಹಿಂದೆ ಹಿಮ ಸುರಿಸಬಹುದು. ತಮಾಷೆಗೆ ಮಾಡಿ ನಗಬಹುದು. ಕುಟುಂಬದ ಕಾರ್ಡಿಗೆ ಬೇಡ ಎಂಬುದು ನಮ್ಮ ಅಭಿಪ್ರಾಯ. ಇಪ್ಪತ್ತು ವರ್ಷ ಕಳೆದ ಮೇಲೆ ಮೊಮ್ಮಗಳು ಆಲ್ಬಮ್ ತೆರೆದು “ಆ ವರ್ಷ ಅಪ್ಪ ಹಬ್ಬಕ್ಕೆ ಬಂದಿದ್ದರಾ?” ಎಂದು ಕೇಳಿದರೆ ಫೋಟೋ ಸುಳ್ಳು ಉತ್ತರ ಕೊಡುತ್ತದೆ. 2020ರ ಕ್ರಿಸ್ಮಸ್ಸಿನ ಫೋಟೋಗಳನ್ನು ಈಗ ತೆಗೆದು ನೋಡಿ. ವಿಮಾನಗಳು ನಿಂತು, ದುಬೈಯಿಂದ ಮೊದಲ ವಂದೇ ಭಾರತ್ ವಿಮಾನ ಮಂಗಳೂರಿಗೆ ಬಂದದ್ದೇ ಆ ವರ್ಷದ ಮೇ 12ರಂದು. ಅಂದು ಯಾರು ಮನೆಯಲ್ಲಿದ್ದರು, ಯಾರು ಸಿಕ್ಕಿಬಿದ್ದಿದ್ದರು, ಯಾರ ಗಲ್ಲದ ಕೆಳಗೆ ಮಾಸ್ಕ್ ಜೋತಾಡುತ್ತಿತ್ತು ಎಂಬುದೆಲ್ಲ ಅದರಲ್ಲಿದೆ. ಚಂದ ಮಾಡಲು ಹೋಗಿದ್ದರೆ ಅದು ಯಾವುದೂ ಉಳಿಯುತ್ತಿರಲಿಲ್ಲ.

ಎಲ್ಲಿ ನಿಲ್ಲುವುದು?

ಕಾಪು ದೀಪಸ್ತಂಭ 1901ರಿಂದ ನಿಂತಿದೆ, ಸುತ್ತಲಿನ ಬಂಡೆಗಳ ಮೇಲೆ ಮದುಮಕ್ಕಳು ಸಾಲುಗಟ್ಟಿ ನಿಂತ ಫೋಟೋಗಳನ್ನು ಎಲ್ಲರೂ ನೋಡಿದ್ದೇವೆ. ಕುಟುಂಬದ ಕಾರ್ಡಿಗೆ ಅದು ಬೇಡ ಎನ್ನುವುದಿಲ್ಲ, ಆದರೆ ಅಜ್ಜಿಯನ್ನು ಆ ಬಂಡೆ ಹತ್ತಿಸುವ ಕಷ್ಟ ಯಾಕೆ?

ಮಟ್ಟು ಕಡಲತೀರ ಹತ್ತಿರ, ಸಮತಟ್ಟು, ಜನವೂ ಕಡಿಮೆ. ಒಂದು ಎಚ್ಚರ ಬೇಕು: ನಮ್ಮ ಕಡಲು ಪಡುವಣಕ್ಕಿದೆ. ಡಿಸೆಂಬರಿನಲ್ಲಿ ಸೂರ್ಯ ಸಂಜೆ 6 ಗಂಟೆಯ ಆಸುಪಾಸಿನಲ್ಲಿ ನೀರಿಗಿಳಿಯುವಾಗ ಅದಕ್ಕೆ ಬೆನ್ನು ಹಾಕಿ ನಿಂತರೆ ಆಕಾಶ ಕೆಂಪಾಗಿ ಬರುತ್ತದೆ, ಮುಖಗಳು ಮಸಿ ಬಳಿದಂತೆ ಬರುತ್ತವೆ. ಬರೀ ನೆರಳಿನ ಆಕೃತಿಗಳ ಕಾರ್ಡ್ ಬೇಕಾದವರಿಗೆ ಇದು ಸರಿ. ದೊಡ್ಡವರು ಚಿಕ್ಕವರು ಕೈ ಹಿಡಿದು ಸಾಲಾಗಿ ನಡೆಯುವ ನೆರಳು ಚಂದವೇ. ಮುಖ ಕಾಣಬೇಕಾದವರು ಬೆಳಿಗ್ಗೆ ಏಳೂವರೆ ಎಂಟರ ಹೊತ್ತಿಗೆ ಹೋಗಿ. ಆಗ ಕಡಲಿಗೆ ಬೆನ್ನು ಹಾಕಿ ನಿಂತರೆ ಮೂಡಣದ ಎಳೆ ಬಿಸಿಲು ನೇರ ಮುಖಕ್ಕೆ ಬೀಳುತ್ತದೆ.

ಮಟ್ಟಿನ ಗುಳ್ಳ ಗದ್ದೆಗಳನ್ನು ಮರೆಯಬಾರದು. 2011ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಪಡೆದ ಮಟ್ಟು ಗುಳ್ಳದ ಕೊಯ್ಲು ಈ ತಿಂಗಳುಗಳಲ್ಲೇ ಇರುತ್ತದೆ. ಗುಳ್ಳ ಬೆಳೆಯುವ ಮನೆಯವರು ಬುಟ್ಟಿ ತುಂಬಾ ಹಸಿರು ಗುಳ್ಳ ಹಿಡಿದು ಗದ್ದೆಯ ಅಂಚಿನಲ್ಲಿ ನಿಂತರೆ ಅಂಥ ಕಾರ್ಡ್ ಪ್ರಪಂಚದ ಬೇರಾವ ಊರಿನಿಂದಲೂ ಬರಲಾರದು. ಶಂಕರಪುರದ ಕಡೆಯವರಿಗೆ ಮಲ್ಲಿಗೆ ಉಂಟು. ಬೆಳಿಗ್ಗೆ ಮೊಗ್ಗು ಕೊಯ್ದು ತಂದು ಜಗಲಿಯಲ್ಲಿ ಬಾಳೆನಾರಿನಲ್ಲಿ ಕಟ್ಟುತ್ತಾ ಕೂತ ಮನೆಮಂದಿ, ನಡುವೆ ಚೆಂಡುಗಳ ರಾಶಿ. ನಾಲ್ಕು ಚೆಂಡು ಸೇರಿದರೆ ಒಂದು ಅಟ್ಟೆ ಎಂಬ ಲೆಕ್ಕ ಗೊತ್ತಿರುವ ಮುಂಬಯಿಯ ನೆಂಟರಿಗೆ ಆ ಫೋಟೋ ನೋಡಿದ ಕೂಡಲೇ ಪರಿಮಳವೂ ಬರುತ್ತದೆ. ಇದಕ್ಕೆ ಯಾರೂ ಕೆಮರಾ ನೋಡಿ ನಗಬೇಕಾಗಿಲ್ಲ. ಕೆಲಸದಲ್ಲಿರುವಾಗ ತೆಗೆದ ಮುಖ “ಸ್ಮೈಲ್” ಎಂದು ಹೇಳಿಸಿ ತೆಗೆದ ಮುಖಕ್ಕಿಂತ ಒಳ್ಳೆಯದು.

ಇದ್ಯಾವುದೂ ಇಲ್ಲದಿದ್ದರೆ ಮನೆಯ ಜಗಲಿಯೇ ಸಾಕು. ಪ್ರತಿ ವರ್ಷ ಅದೇ ಮೆಟ್ಟಿಲು, ಅದೇ ಕ್ರಮದಲ್ಲಿ ಕೂರುವುದು. ಮೊದಲ ವರ್ಷ ಇದು ಏನೂ ಅನಿಸುವುದಿಲ್ಲ. ಐದನೇ ವರ್ಷಕ್ಕೆ ಐದೂ ಫೋಟೋಗಳನ್ನು ಸಾಲಾಗಿ ಒಂದು ಕಾರ್ಡಿನಲ್ಲಿ ಹಾಕಿದರೆ ಮಕ್ಕಳು ಬೆಳೆದದ್ದು, ಸೊಸೆ ಬಂದದ್ದು, ಹೆಂಚಿನ ಮಾಡು ಹೋಗಿ ಟೆರೇಸ್ ಆದದ್ದು ಎಲ್ಲ ಕಾಣುತ್ತದೆ.

ಚರ್ಚಿನ ಒಳಗೆ ಫೋಟೋ ತೆಗೆಯುವವರು ಧರ್ಮಗುರುಗಳನ್ನು ಮೊದಲು ಕೇಳಬೇಕು. ಬಲಿಪೀಠವನ್ನು ಸ್ಟುಡಿಯೋದ ಪರದೆಯಂತೆ ಬಳಸುವುದು ನಮಗೆ ಸರಿ ಕಾಣುವುದಿಲ್ಲ. ಹೊರಗಿನ ಗೋದಲಿಯ ಮುಂದೆ, ಅಥವಾ ಪೂಜೆ ಮುಗಿಸಿ ಮೆಟ್ಟಿಲಿಳಿಯುವಾಗ ತೆಗೆದರೆ ಸಾಕು.

ಕೈಗಳ ಫೋಟೋ, ಗೋದಲಿಯ ಫೋಟೋ

ಮುಖ ತೋರಿಸಲು ನಾಚುವ ಮನೆಯವರಿಗೆ ಕೈಗಳ ಫೋಟೋ ಒಳ್ಳೆಯದು. ಕುಸ್ವಾರ್ ಮಾಡುವ ದಿನ ಮೇಜಿನ ಮೇಲಿಂದ ಕೆಳಗೆ ನೋಡಿ ತೆಗೆಯಿರಿ: ನೆವ್ರಿಯ ಅಂಚು ಮಡಿಸುವ ಅಜ್ಜಿಯ ಕೈ, ಹೊಸ ಬಾಚಣಿಗೆಯ ಮೇಲೆ ಕಿಡಿಯೊ ಹಿಟ್ಟು ಒತ್ತುವ ಮಗುವಿನ ಬೆರಳು, ಕೊಕ್ಕಿಸಾಂ ಅಚ್ಚು ಹಿಡಿದ ಅಮ್ಮನ ಕೈ, ಕದ್ದು ತಿನ್ನಲು ಬಂದ ಇನ್ನೊಂದು ಕೈ. ಅದು ಯಾರ ಕೈಯೆಂದು ಮನೆಯವರೆಲ್ಲರಿಗೂ ಗೊತ್ತಿರುತ್ತದೆ. ಕಿಟಕಿಯ ಬೆಳಕಿನಲ್ಲಿ ತೆಗೆಯಿರಿ, ಫ್ಲಾಶ್ ಹಾಕಬೇಡಿ. ಎಣ್ಣೆ ಕಾಯುವ ಬಾಣಲೆಯ ಹತ್ತಿರ ಮಕ್ಕಳನ್ನು ನಿಲ್ಲಿಸಬೇಡಿ ಎಂದು ಹೇಳಬೇಕಾಗಿಲ್ಲವಷ್ಟೆ.

ಸಂತ ಫ್ರಾನ್ಸಿಸರು 1223ರಲ್ಲಿ ಇಟಲಿಯ ಗ್ರೆಚ್ಚೊ ಎಂಬಲ್ಲಿ ಗೋದಲಿಯನ್ನು ಏರ್ಪಡಿಸಿದಾಗ ಬಳಸಿದ್ದು ಒಣಹುಲ್ಲು ತುಂಬಿದ ಮೇವಿನ ತೊಟ್ಟಿ, ಒಂದು ಎತ್ತು, ಒಂದು ಕತ್ತೆ. ಹಟ್ಟಿಯಲ್ಲಿ ದನ ಇರುವ ಮನೆ ನಮ್ಮಲ್ಲಿ ಈಗ ಕಡಿಮೆಯಾದರೂ ಇಲ್ಲದೆ ಹೋಗಿಲ್ಲ. ಬೈಹುಲ್ಲಿನ ಮುಂದೆ, ದನದ ಕೊರಳ ಹತ್ತಿರ ನಿಂತ ಮಕ್ಕಳ ಒಂದು ಫೋಟೋ ಅಂಗಡಿಯ ಯಾವ ಕಾರ್ಡಿಗೂ ಕಡಿಮೆಯಲ್ಲ. ಸಣ್ಣ ಮಕ್ಕಳಿಗೆ ಇನ್ನೊಂದು: ಹಬ್ಬಕ್ಕೆ ಹತ್ತು ದಿನವಿರುವಾಗ ಗೆರಟೆಯಲ್ಲಿ ಮಣ್ಣು ಹಾಕಿ ರಾಗಿ ಬಿತ್ತಿದರೆ ಗೋದಲಿಗೆ ಇಡುವ ಹೊತ್ತಿಗೆ ಹಸಿರು ಎದ್ದಿರುತ್ತದೆ. ಬಿತ್ತಿದ ದಿನ ಒಂದು, ಮೊಳಕೆಯ ದಿನ ಒಂದು, ಬಾಲಯೇಸುವನ್ನು ಇಟ್ಟ ದಿನ ಒಂದು ಫೋಟೋ. ಕಾರ್ಡ್ ಸಿದ್ಧವಾಯಿತು, ಮಕ್ಕಳಿಗೆ ಆಗಮನ ಕಾಲ ಏನೆಂದು ತಿಳಿಯಿತು.

ಮರಣವಾದ ಮನೆ

ವರ್ಷದೊಳಗೆ ಮರಣವಾದ ಮನೆಯಲ್ಲಿ ಕುಸ್ವಾರ್ ಮಾಡದೆ ಇರುವುದು, ನೆರೆಯವರು ತಟ್ಟೆ ಕಳಿಸುವುದು ನಮ್ಮಲ್ಲಿ ಹಲವು ಕಡೆ ಉಂಟು. ಅಂಥ ಮನೆಯವರು ಕಾರ್ಡನ್ನೂ ಕಳಿಸುವುದಿಲ್ಲ. ಅದು ಅವರವರ ಮನಸ್ಸಿಗೆ ಬಿಟ್ಟದ್ದು. ಆದರೂ ದೂರದ ನೆಂಟರು, ಮರಣಕ್ಕೆ ಬರಲಾಗದವರು, ಆ ಮನೆಯಿಂದ ಒಂದು ಸುದ್ದಿಗೆ ಕಾಯುತ್ತಿರುತ್ತಾರೆ. ಆಗ ಬಣ್ಣವಿಲ್ಲದ, ಸರಳವಾದ ಒಂದು ಕಾರ್ಡ್ ಕಳಿಸಬಹುದು. ತೀರಿಕೊಂಡವರು ಬಳಸುತ್ತಿದ್ದ ಜಪಸರ, ಕನ್ನಡಕ, ಪ್ರಾರ್ಥನೆಯ ಪುಸ್ತಕ ಇವುಗಳ ಫೋಟೋ. ಕೆಳಗೆ ಹೆಸರು, ಹುಟ್ಟಿದ ಮತ್ತು ತೀರಿದ ವರ್ಷ, “ಪ್ರಾರ್ಥನೆಯಲ್ಲಿ ನೆನೆಯಿರಿ” ಎಂಬ ಒಂದು ಸಾಲು. ಹಿಂದಿನ ವರ್ಷದ ಕುಟುಂಬದ ಫೋಟೋದಲ್ಲಿ ಅವರಿದ್ದರೆ ಅದನ್ನೇ ಮತ್ತೆ ಕಳಿಸಿದರೂ ಯಾರೂ ತಪ್ಪು ತಿಳಿಯುವುದಿಲ್ಲ. ಮನೆಮಂದಿ ನಗುವ ಹೊಸ ಫೋಟೋಗೆ ಒಂದು ವರ್ಷ ತಡೆಯಬಹುದು.

ಬರಹ, ಅಚ್ಚು, ಅಂಚೆ

ಮನೆಯಲ್ಲಿ ಕೊಂಕಣಿ, ನೆರೆಯಲ್ಲಿ ತುಳು, ಬರೆಯುವಾಗ ಕನ್ನಡ ಎಂಬುದು ನಮ್ಮ ಸ್ಥಿತಿ. ಹಾಗಿರುವಾಗ ಕಾರ್ಡಿನಲ್ಲಿ ಇಂಗ್ಲಿಷ್ ಮಾತ್ರ ಯಾಕೆ ಇರಬೇಕು? ನೆಂಟರಿಗೆ ಕೊಂಕಣಿಯಲ್ಲಿ “ನತಾಲಾಂ ಫೆಸ್ತಾಚೆ ಉಲ್ಲಾಸ್” ಎಂದೂ ಕುಸ್ವಾರ್ ತಟ್ಟೆಯ ಜೊತೆ ಹಿಂದೂ, ಮುಸ್ಲಿಂ ನೆರೆಮನೆಗಳಿಗೆ ಹೋಗುವ ಕಾರ್ಡಿಗೆ ಕನ್ನಡದಲ್ಲೂ ಬರೆಸಿ. ಬರೆಸುವಾಗ ಒಂದು ತಾಪತ್ರಯ ಉಂಟು. ನೀವು ಮೊಬೈಲಿನಲ್ಲಿ ಟೈಪ್ ಮಾಡಿದ್ದು ಯುನಿಕೋಡ್. ಕೆಲವು ಪ್ರೆಸ್ಸುಗಳಲ್ಲಿ ಇಂದಿಗೂ ನುಡಿ, ಬರಹದ ಹಳೆಯ ಅಕ್ಷರಗಳು. ಒಂದರಿಂದ ಇನ್ನೊಂದಕ್ಕೆ ಹೋಗುವಾಗ ಒತ್ತಕ್ಷರಗಳು ಒಡೆಯುತ್ತವೆ, ಕ್ರಿಸ್ಮಸ್ ಎಂಬುದೇ ಏನೋ ಆಗಿ ಬರುತ್ತದೆ. ಅಚ್ಚಿಗೆ ಹೋಗುವ ಮೊದಲು ಪ್ರೂಫ್ ಕೇಳಿ ಪಡೆದು, ಹೆಸರುಗಳನ್ನು ಒಂದೊಂದಾಗಿ ಓದಿ ನೋಡಿ.

ಫೋಟೋವನ್ನು ಸ್ಟುಡಿಯೋಗೆ ವಾಟ್ಸಾಪಿನಲ್ಲಿ ಸಾಮಾನ್ಯ ಫೋಟೋದಂತೆ ಕಳಿಸಿದರೆ ಅದು ಕುಗ್ಗಿ ಹೋಗುತ್ತದೆ. ಡಾಕ್ಯುಮೆಂಟ್ ಆಗಿ ಕಳಿಸಿ, ಅಥವಾ ಪೆನ್ ಡ್ರೈವಿನಲ್ಲಿ ಒಯ್ಯಿರಿ. 4×6 ಇಂಚಿನ ಕಾರ್ಡ್ ತೀಕ್ಷ್ಣವಾಗಿ ಬರಬೇಕಾದರೆ ಇಂಚಿಗೆ 300ರಂತೆ 1200×1800 ಪಿಕ್ಸೆಲ್ ಬೇಕು. ಈಗಿನ ಯಾವ ಮೊಬೈಲೂ ಇದಕ್ಕಿಂತ ಹೆಚ್ಚೇ ಕೊಡುತ್ತದೆ. ಗುಂಪಿನ ತುದಿಯಲ್ಲಿ ನಿಂತವರ ಮುಖ ಅಗಲವಾಗದಂತೆ, ಅಚ್ಚಿನಲ್ಲಿ ಅಂಚು ಕತ್ತರಿಸುವಾಗ ಯಾರ ಭುಜವೂ ಹೋಗದಂತೆ ಸುತ್ತ ಸ್ವಲ್ಪ ಜಾಗ ಬಿಟ್ಟು ತೆಗೆಯಿರಿ. ಮ್ಯಾಟ್ ಕಾಗದ ಒಳ್ಳೆಯದು. ಹೊಳೆಯುವ ಕಾಗದದ ಫೋಟೋವನ್ನು ಗಾಜಿಗೆ ತಾಗಿಸಿ ಕಟ್ಟು ಹಾಕಿಸಿದರೆ ನಮ್ಮ ಮಳೆಗಾಲದ ತೇವಕ್ಕೆ ಗಾಜಿಗೇ ಅಂಟಿ ಕೂರುತ್ತದೆ, ಬಿಡಿಸಲು ಹೋದರೆ ಮುಖ ಕಿತ್ತು ಬರುತ್ತದೆ.

ವಿದೇಶಕ್ಕೆ ಹೋಗುವ ಕಾರ್ಡನ್ನು ನವೆಂಬರ್ ಮುಗಿಯುವ ಮೊದಲೇ ಅಂಚೆಗೆ ಹಾಕಿ. ಊರೊಳಗಿನವಕ್ಕೆ ಡಿಸೆಂಬರ್ ಎರಡನೇ ವಾರ ಸಾಕು. ರಿಜಿಸ್ಟರ್ಡ್ ಅಂಚೆ 2025ರಲ್ಲಿ ಸ್ಪೀಡ್ ಪೋಸ್ಟಿನಲ್ಲಿ ಸೇರಿಹೋಗಿದೆ ಎಂಬುದು ಹಿರಿಯರಿಗೆ ತಿಳಿದಿರಲಿ. ಅಂಚೆ ಇಲಾಖೆಯ ‘ಮೈ ಸ್ಟ್ಯಾಂಪ್’ ಯೋಜನೆಯಲ್ಲಿ ನಿಮ್ಮ ಫೋಟೋ ಇರುವ 12 ಅಂಚೆಚೀಟಿಗಳ ಹಾಳೆಯನ್ನೂ ಮಾಡಿಸಬಹುದು. ಇದು ಎಲ್ಲ ಅಂಚೆ ಕಚೇರಿಗಳಲ್ಲಿ ಸಿಗುವುದಿಲ್ಲ. ಪ್ರಧಾನ ಅಂಚೆ ಕಚೇರಿಯಲ್ಲಿ ದರ ಕೇಳಿ. ಅಜ್ಜ ಅಜ್ಜಿಯ ಮುಖದ ಮೇಲೆ ಅಂಚೆಯ ಮುದ್ರೆ ಬೀಳುತ್ತದೆ ಎಂದು ಬೇಜಾರು ಪಡದವರಿಗೆ ಇದು ಒಳ್ಳೆಯ ಉಡುಗೊರೆ.

ಎಲ್ಲಕ್ಕಿಂತ ಮುಖ್ಯವಾದದ್ದು ಹಿಂಬದಿ. ಎಡದಿಂದ ಬಲಕ್ಕೆ ಎಲ್ಲರ ಹೆಸರು, ಮನೆಯ ಹೆಸರು, ಊರು, ವರ್ಷ ಇಷ್ಟನ್ನು ಮೆತ್ತಗೆ ಪೆನ್ಸಿಲಿನಲ್ಲಿ ಬರೆಯಿರಿ ಅಥವಾ ಅಚ್ಚು ಹಾಕಿಸಿ. ಬಾಲ್ ಪೆನ್ನಿನಿಂದ ಒತ್ತಿ ಬರೆದರೆ ಮುಂಬದಿಯಲ್ಲಿ ಗೆರೆ ಏಳುತ್ತದೆ. ಹಳೆಯ ಟ್ರಂಕುಗಳಲ್ಲಿ ಕೋಟು, ಸಾಡೊ ಉಟ್ಟು ನಿಂತ ಅದೆಷ್ಟೋ ಜನರ ಫೋಟೋಗಳಿವೆ, ಯಾರೆಂದು ಹೇಳಬಲ್ಲವರು ಈಗ ಇಲ್ಲ.

ಮಕ್ಕಳ ಫೋಟೋ ಇರುವ ಕಾರ್ಡನ್ನು ಗೊತ್ತಿರುವವರಿಗೆ ಕಳಿಸಿ. ಎಲ್ಲರಿಗೂ ಕಾಣುವ ಜಾಲತಾಣದಲ್ಲಿ ಹಾಕುವ ಮೊದಲು ಶಾಲೆಯ ಸಮವಸ್ತ್ರ, ಮನೆಯ ವಿಳಾಸ ಕಾಣುತ್ತದೆಯೇ ನೋಡಿ. ದೊಡ್ಡ ಮಕ್ಕಳಾದರೆ ಅವರನ್ನೇ ಕೇಳಿ.

ವಾಳೆಯವರಿಗೆ ಒಂದು ಕೆಲಸ

ಇಷ್ಟೆಲ್ಲ ಹೇಳಿದ್ದು ಕೆಮರಾ ಹಿಡಿಯಲು ಮನೆಯಲ್ಲಿ ಜನ ಇರುವವರಿಗೆ. ಪ್ರತಿ ವಾಳೆಯಲ್ಲೂ ಒಬ್ಬರೇ ಅಥವಾ ಇಬ್ಬರೇ ಇರುವ ಮನೆಗಳಿವೆ. ಗುರ್ಕಾರರಿಗೆ ಆ ಮನೆಗಳು ಬಾಯಿಪಾಠ ಗೊತ್ತು. ಅವರ ಬಳಿ ಇರುವ ಈಚಿನ ಫೋಟೋ ಎಂದರೆ ಆಧಾರ್ ಕಾರ್ಡಿನದು ಮಾತ್ರ. ನವೆಂಬರ್ ತಿಂಗಳ ಒಂದು ಭಾನುವಾರ ಯುವಕ ಯುವತಿಯರು ಇಬ್ಬಿಬ್ಬರಾಗಿ ಈ ಮನೆಗಳಿಗೆ ಹೋಗಿ, ಮೊದಲೇ ತಿಳಿಸಿ, ಒಪ್ಪಿಗೆ ಪಡೆದು, ಅವರಿಗೆ ಇಷ್ಟವಾದ ಜಾಗದಲ್ಲಿ ಕೂರಿಸಿ ಒಂದು ಫೋಟೋ ತೆಗೆಯಬಹುದು. ಅವಸರ ಮಾಡಬಾರದು. ಸೀರೆ ಬದಲಿಸಿ ಬರುತ್ತೇನೆ ಎಂದರೆ ಕಾಯಬೇಕು, ಚಾ ಕೊಟ್ಟರೆ ಕುಡಿಯಬೇಕು. ಹತ್ತು ಹದಿನೈದು ಫೋಟೋ ತೆಗೆದರೆ “ಆಯ್ತು” ಎಂದು ಹೇಳಿದ ನಂತರ ತೆಗೆದದ್ದೇ ಹೆಚ್ಚಾಗಿ ಚೆನ್ನಾಗಿ ಬಂದಿರುತ್ತದೆ.

ಪ್ರತಿ ಮನೆಗೆ ಐದಾರು ಪ್ರತಿ ಅಚ್ಚು ಹಾಕಿಸಿ. ಯಾರಿಗೆ ಕಳಿಸಬೇಕೆಂದು ಅವರನ್ನೇ ಕೇಳಿ ವಿಳಾಸ ಬರೆದುಕೊಳ್ಳಿ. ಒಳಗೆ ಎರಡು ಸಾಲು ಅವರೇ ಬರೆಯಲಿ, ಕೈ ನಡುಗುವವರಾದರೆ ಹೇಳಿದ್ದನ್ನು ನೀವು ಬರೆಯಿರಿ. ಇದರ ಖರ್ಚನ್ನು ವಾಳೆಯೋ ಸಂತ ವಿನ್ಸೆಂಟ್ ದ ಪಾವ್ಲ್ ಸಭೆಯೋ ಹೊತ್ತುಕೊಳ್ಳಬಹುದು. ಒಂದು ಪ್ರತಿಯನ್ನು ಆ ಮನೆಗೆಂದೇ ತೆಗೆದಿಟ್ಟು, ಡಿಸೆಂಬರಿನಲ್ಲಿ ಕ್ಯಾರಲ್ಸ್ ತಂಡ ಮನೆಮನೆಗೆ ಹೋಗುವಾಗ ಕೈಯಲ್ಲಿ ಕೊಟ್ಟು ಬನ್ನಿ.